ಬೇಲಿಯ ಮುಂದೆ ಅಮ್ಮನ ಚಟ್ಟ

ಅಜ್ಜಂಪುರದ ಹತ್ತಿರದ ನಮ್ಮೂರಿನಲ್ಲಿ ಸ್ಮಶಾನಕ್ಕೆ ಹೋಗಲು ಇರುವುದು ಒಂದೇ ಬಂಡಿದಾರಿ. ಪಕ್ಕದ ಹೊಲ ಕೊಂಡ ಸಿರಿವಂತನೊಬ್ಬ ದಾರಿಯನ್ನೂ ಸೇರಿಸಿಕೊಂಡು ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದ. ತಾಲ್ಲೂಕು ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟೆ. ಸರ್ವೆಯವರು ಬರುತ್ತಾರೆ ಅಂದರು, ಯಾರೂ ಬರಲಿಲ್ಲ. ಅಷ್ಟರಲ್ಲಿ ಅಮ್ಮ ತೀರಿಕೊಂಡಳು.

ಬೆಳಿಗ್ಗೆ ಚಟ್ಟ ಹೊತ್ತು ಹೋದೆವು. ಆತ ಬೇಲಿಯೊಳಗೆ ನಿಂತು, ನನ್ನ ಜಮೀನಿನಲ್ಲಿ ಹೆಣ ಹಾಯಲು ಬಿಡುವುದಿಲ್ಲ, ಕೆರೆ ಸುತ್ತಿ ಹೋಗಿ ಎಂದ. ಹೂಳುವ ಗುಂಡಿಯ ಸುತ್ತ ಮುಳ್ಳು ಸವರಲೆಂದು ತಂದಿದ್ದ ಮಚ್ಚನ್ನು ಕೈಗೆತ್ತಿಕೊಂಡೆ. ತಂತಿ ಕತ್ತರಿಸಲು ಅಲ್ಲ, ಅವನಿಗೆಂದೇ. ಅದನ್ನೀಗ ಮುಚ್ಚಿಡುವುದಿಲ್ಲ.

ಹೆಗಲು ಕೊಟ್ಟಿದ್ದ ದೇವನೂರಿನ ಸೋದರಮಾವ ಚಟ್ಟ ಇಳಿಸಲು ಹೇಳಿ ನನ್ನ ಕೈ ಹಿಡಿದರು. ಹರೆಯದಲ್ಲಿ ನೀರಿನ ಜಗಳಕ್ಕೆ ದಾಯಾದಿಯೊಬ್ಬನ ಕೈ ಕಡಿದು ಜೈಲು ಕಂಡವರು ಅವರು. ಬಿಡುಗಡೆಯಾದ ಮೇಲೆ ಪ್ರತಿ ಸೋಮವಾರ ಈಶ್ವರನ ಗುಡಿಗೆ ಕೈಮುಗಿದು, ಅಲ್ಲಿಂದ ನೇರ ಆ ದಾಯಾದಿಯ ಹೊಲಕ್ಕೆ ಹೋಗಿ ಕೂಲಿಯಿಲ್ಲದೆ ಸಂಜೆತನಕ ಗೇಯುತ್ತಿದ್ದರು. ವರ್ಷಗಟ್ಟಲೆ ಆ ಮನೆಯವರು ಮಾತಾಡಿಸಲಿಲ್ಲ. ಕೊನೆಗೊಂದು ದಿನ ಆತನೇ ಉಳಿದ ಕೈಯಲ್ಲಿ ನೀರಿನ ಚೊಂಬು ತಂದುಕೊಟ್ಟನಂತೆ.

“ಮಚ್ಚು ಕೊಡಿಲ್ಲಿ,” ಅಂದರು ಮಾವ. “ಕಡಿಯೋದು ಒಂದ್ಗಳಿಗೆ ಕಣೋ. ಆಮೇಲೆ ಸಾಯೋಗಂಟ ಅದೇ ಕಣ್ಮುಂದೆ ಬತ್ತದೆ. ನಮ್ಮಕ್ಕ ಇಲ್ಲೇ ಇರ್ಲಿ. ದಾರಿ ಬಿಡೋಗಂಟ ನಾವೂ ಇಲ್ಲೇ ಕೂರಾನ.”

ಮಚ್ಚು ಅವರ ಕೈಗೆ ಕೊಟ್ಟೆ. ಕೂತೆವು. ಮಧ್ಯಾಹ್ನದ ಹೊತ್ತಿಗೆ ಊರೇ ಬಂದು ಕೂತಿತು. ಹೆಂಗಸರು ಭಜನೆ ಹಿಡಿದರು. ಅಮ್ಮನ ಮುಖಕ್ಕೆ ಬಿಸಿಲು ಬೀಳದಂತೆ ನಾನು ಕೊಡೆ ಹಿಡಿದು ನಿಂತೆ, ಹಲ್ಲು ಕಚ್ಚಿಕೊಂಡು.

ಸುದ್ದಿ ತಿಳಿದು ಮೂರು ಗಂಟೆಗೆ ತಹಸೀಲ್ದಾರರು ಬಂದು ಜೀಪಿನ ಮೇಲೆ ನಕಾಶೆ ಹರಡಿದರು. ದಾರಿ ಅದರಲ್ಲಿ ಮೊದಲಿನಿಂದಲೂ ಇತ್ತು. ಹತ್ತೇ ನಿಮಿಷದಲ್ಲಿ ತಂತಿ ಬಿಚ್ಚಿಸಿದರು. ಆ ಗೆರೆ ಕಾಣಲು ಇವರಿಗೆ ನನ್ನ ತಾಯಿಯ ಹೆಣ ಬೇಕಾಯಿತು! ಹೊರಡುವಾಗ, ಬಹಳ ಶಾಂತಿಯಿಂದ ನಡೆದುಕೊಂಡಿರಿ ಎಂದು ನಮ್ಮನ್ನು ಹೊಗಳಿದರು. ಬೇಲಿ ಹಾಕಿದವನಿಗೆ ಒಂದು ನೋಟಿಸೂ ಇಲ್ಲ. ಆ ಹೊಗಳಿಕೆ ಇಂದಿಗೂ ನನ್ನ ಮೈ ಉರಿಸುತ್ತದೆ.

ಮಣ್ಣು ಮಾಡಿ ಬಂದ ಮೇಲೆ ಮಾವನನ್ನು ಕೇಳಿದೆ, ನಿಮಗೆ ಸಿಟ್ಟೇ ಬರಲಿಲ್ಲವೇ ಎಂದು. ಅವರು ತಮ್ಮ ಅಂಗೈ ನೋಡಿಕೊಂಡರು. ಬಿದಿರ ಸಿಬಿರು ಚುಚ್ಚಿ ರಕ್ತ ಹೆಪ್ಪುಗಟ್ಟಿತ್ತು.

“ಬರ್ದೆ ಏನು? ಕೈ ಮಚ್ಚಿನ ಕಡೆಗೇ ಹೋಗ್ತಿತ್ತು. ಅದ್ಕೇ ಚಟ್ಟದ ಬಿದಿರು ಬಿಗಿಯಾಗಿ ಹಿಡ್ಕಂಡು ಕೂತಿದ್ದೆ ಕಣೋ.”