ಗೋಡೆಗೆ ನೆಟ್ಟ ಗಾಜು

ಗಟ್ಟಿ ನೆಲದ ಮೇಲೆ ನಿಂತು "ನಾವು ಹಡಗಿನಲ್ಲಿದ್ದೇವೆ" ಅನ್ನುವ ಜನರನ್ನು ನಾನು ಮೊದಲು ಕಂಡದ್ದು ಎಂಬತ್ತರ ದಶಕದ ಕೊನೆಗೆ, ಬಂಗಾಳ ಕೊಲ್ಲಿಯ ಒಂದು ದ್ವೀಪದಲ್ಲಿ. ನೌಕಾದಳದವರಿಗೆ ಕ್ಯಾಂಪೇ ಹಡಗು. ಬಜಾರಿಗೆ ಬದನೆಕಾಯಿ ತರಲು ಹೊರಟರೂ 'ಅಶೋರ್', ಅಂದರೆ ದಡಕ್ಕೆ, ಹೋಗಿಬರುತ್ತೇವೆ ಅನ್ನುವರು. ನಾನು ಭೂಸೇನೆಯ ಹವಾಲ್ದಾರ, ನಿಪ್ಪಾಣಿ ಹತ್ತಿರದ ಭೋಜದವನು. ಹೊಟ್ಟೆ ಹಿಡಿದು ನಕ್ಕೆ. ಆ ನಗು ಬಹಳ ದಿನ ಉಳಿಯಲಿಲ್ಲ.

ನಮ್ಮ ಕ್ವಾರ್ಟರ್ಸಿನ ಹಿತ್ತಿಲ ಗೋಡೆಯಾಚೆ ನೌಕಾದಳದವರ ಮನೆಗಳು, ಅವರ ಆಸ್ಪತ್ರೆ. ನಮ್ಮ ಡಾಕ್ಟರು ಮಾತ್ರ ಗುಡ್ಡ ಸುತ್ತಿ ಹೋಗುವಷ್ಟು ದೂರ. ವಾಯುದಳಕ್ಕೆ ಇನ್ನೊಂದು ಗೋಡೆ, ಇನ್ನೊಂದು ನೀರಿನ ಟ್ಯಾಂಕರ್. ಪರೇಡಿನ ದಿನ ಮಾತ್ರ ಸಾಹೇಬರು ಮೂರೂ ದಳ ಒಂದೇ ಮೈ ಎಂದು ಭಾಷಣ ಬಿಗಿಯುತ್ತಿದ್ದರು. ಅಸಹ್ಯ.

ಭೋಜದಲ್ಲಿ ನಮ್ಮ ಮನೆಗೂ ಕಾಕಾನ ಮನೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಹೊಲದ ಬದುವಿನ ಜಗಳಕ್ಕೆ ಎರಡೂ ಮನೆಯವರು ಚಿಕ್ಕೋಡಿ ಕೋರ್ಟಿಗೆ ಅಲೆಯುವಾಗಲೂ ಅದರೊಳಗಿಂದ ಮೊಸರಿನ ಹೆಪ್ಪು ಬರುವುದು ನಿಂತಿರಲಿಲ್ಲ. ನನ್ನ ಹೆಂಡತಿ ಸುನಂದಾಗೆ ಅದೇ ರೂಢಿ. ದ್ವೀಪದಲ್ಲೂ ಹಿತ್ತಿಲ ಗೋಡೆಯ ಬಳಿ ಕಲ್ಲು ಹತ್ತಿ ನಿಂತು, ಆಚೆ ಮನೆಯ ನೌಕಾದಳದವನ ಹೆಂಡತಿ, ಕೇರಳದ ಲೀಲಮ್ಮನಿಗೆ ಹೆಪ್ಪು, ಶೇಂಗಾ ಚಟ್ನಿ ಕೊಡತೊಡಗಿದಳು. ಆಚೆಯಿಂದ ಮೀನಿನ ಸಾರು ಬಂದಾಗ, ಜೈನರು ನಾವು, ಕೈಮುಗಿದಳು. ಮರುದಿನ ಬಾಳೆಕಾಯಿ ಚಿಪ್ಸ್ ಬಂತು.

ಒಂದು ಮಧ್ಯಾಹ್ನ ನಮ್ಮ ಪುಟ್ಟ ಮಗಳು ಪದ್ಮಾಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂತು. ನೌಕಾದಳದ ಗೇಟಿಗೆ ಓಡಿದೆ. "ನಿಮ್ಮ ಡಾಕ್ಟರ ಹತ್ತಿರ ಹೋಗಿ," ಎಂದ ಕಾವಲಿನವನು. ಗೋಗರೆದೆ. ಅವನು ಕದಲಲಿಲ್ಲ. ಮನೆಗೆ ಮರಳಿದರೆ ಮಗಳಿಲ್ಲ.

"ಕೂಸೆಲ್ಲಿ ಲೇ?"

"ಗ್ವಾಡಿ ಮ್ಯಾಲಿಂದ ಲೀಲಮ್ಮನ ಕೈಯಾಗ ಕೊಟ್ಟೇನ್ರಿ. ತನ್ನ ಕೂಸಂತ ಹೇಳಿ ದವಾಖಾನಿಗೆ ಒಯ್ದಾಳ. ನೀವು ಗೇಟಿನ್ಯಾಗ ಸಲ್ಯೂಟ್ ಹೊಡಕೋತ ನಿಂದರ್ರಿ!"

ಸಂಜೆಗೆ ಪದ್ಮಾ ಅದೇ ಗೋಡೆಯ ಮೇಲಿಂದ ಇಳಿದು ಬಂದಳು, ಕೈಯಲ್ಲಿ ಬಿಸ್ಕೀಟು.

ಸುದ್ದಿ ಎರಡೂ ದಳದ ಸಾಹೇಬರ ಕಿವಿಗೆ ಬಿತ್ತು. ಕೆಲವೇ ದಿನಗಳಲ್ಲಿ ನಮ್ಮವರು ಸಿಮೆಂಟು ತಂದರು, ನೌಕಾದಳದವರು ಒಡೆದ ಬಾಟಲಿ ತಂದರು. ನಗುತ್ತ, ಬೀಡಿ ಹಂಚಿಕೊಳ್ಳುತ್ತ ಗೋಡೆಯುದ್ದಕ್ಕೂ ಗಾಜು ನೆಟ್ಟರು. ಏಣಿ ಹಿಡಿಯುವ ಡ್ಯೂಟಿ ನನಗೇ ಬಿತ್ತು. ನಾನಿದ್ದಷ್ಟು ಕಾಲ ಎರಡು ದಳಗಳು ಕೂಡಿ ಮಾಡಿದ ಕೆಲಸ ಅದೊಂದೇ. ಥೂ!

ತೊಂಬತ್ತರ ದಶಕದಲ್ಲಿ ಪಿಂಚಣಿ ಪಡೆದು ಭೋಜಕ್ಕೆ ಬಂದೆವು. ಕಾಕಾನ ಮಗ ಕಿಂಡಿಗೆ ಇಟ್ಟಿಗೆ ತುಂಬಿ ಸಿಮೆಂಟು ಮೆತ್ತಿಸಿದ್ದ.

"ಯಾಕೋ?"

"ಈಗ ಎಲ್ಲಾರ ಮನ್ಯಾಗೂ ಎಲ್ಲಾ ಐತಲ್ಲ, ಅಣ್ಣಾ."

ಆವತ್ತು ಸುನಂದಾ ಹಾಲು ಕಾಯಿಸಿಟ್ಟು, ಹೆಪ್ಪಿಗೆಂದು ಖಾಲಿ ಬಟ್ಟಲು ಹಿಡಿದು ಆ ಗೋಡೆಯ ಮುಂದೆ ನಿಂತಳು.

"ಅಲ್ಲೇ ಇದ್ದಿದ್ರ ಚಲೋ ಇತ್ತೇನೋರಿ."

"ಅಲ್ಲೂ ಗಾಜು ನೆಟ್ಟಾರಲ್ಲ."

"ಗಾಜಿನ ಆಚೆ ಲೀಲಮ್ಮ ಇದ್ಳಲ್ರಿ," ಎಂದಳು.