ಗಂಜಿಯಕ್ಕನ ಒಲೆ, ಅತ್ತೆಯ ಮೂಗು

ಇನ್ನೂ ಬೆಳಕು ಹರಿದಿಲ್ಲ. ಮೂರನೇ ಮಹಡಿಯ ಪುಟ್ಟ ಅಡುಗೆಮನೆಯಲ್ಲಿ ದಪ್ಪ ತಳದ ಬಾಣಲೆ ಕಾದಿದೆ. ಒಲೆಯ ಮುಂದೆ ನಿಂತಾಕೆ ಕುಟ್ಟಿದ ಬಾದಾಮಿ, ಅಕ್ರೋಟು, ಕಡಲೆಬೀಜಗಳನ್ನು ಸುರಿದು ಮರದ ಸೌಟಿನಿಂದ ಬಿಡುವಿಲ್ಲದೆ ಆಡಿಸುತ್ತಾರೆ. ಬಾಗಿಲಾಚೆ ಮಂಚಕ್ಕೆ ಒರಗಿ ಕೂತ ಅತ್ತೆ ಕಣ್ಣು ಮುಚ್ಚಿದ್ದಾರೆ. ನಿದ್ದೆಯಲ್ಲ.

"ಈಗ?"

"ತಡಿ, ಇನ್ನೂ ಹಸಿ ವಾಸನೆ."

ಸ್ವಲ್ಪ ಹೊತ್ತು ಸೌಟಿನ ಸದ್ದಷ್ಟೇ.

"ಹಾಂ, ಇಳಿಸು. ಇಳಿಸೇ ಅಂದ್ರೆ!"

ಬಾಣಲೆ ಕೆಳಗಿಳಿಯುತ್ತದೆ. ಬಸ್ ಡಿಪೋದವರೆಲ್ಲ 'ಗಂಜಿಯಕ್ಕ' ಎಂದು ಕರೆಯುವ ಈಕೆಗೆ ವಾಸನೆ ತಿಳಿಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಬಂದ ಜ್ವರ, ಹೋಗುವಾಗ ಮೂಗಿನ ಶಕ್ತಿಯನ್ನೂ ಹೊತ್ತೊಯ್ದಿತು. ಆಗ ಆಕೆ ಒಂದು ಹಾಸ್ಟೆಲಿನಲ್ಲಿ ಅಡುಗೆಯವರು. ಸೀದ ಹಾಲನ್ನು ಗೊತ್ತಾಗದೆ ಬಡಿಸಿದರು, ಅದೂ ಎರಡು ಸಲ. ಕೆಲಸ ಹೋಯಿತು. "ಅವರದ್ದೇನೂ ತಪ್ಪಿಲ್ಲ ಬಿಡಿ. ವಾಸನೆ ಗೊತ್ತಾಗದ ಅಡುಗೆಯವಳನ್ನ ಯಾರು ಇಟ್ಕೋತಾರೆ?"

ಅದೇ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮಗನ ಮದುವೆ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಮದುವೆಯಾದಂದಿನಿಂದ ಸೊಸೆಯ ಜೊತೆ ನೇರ ಮಾತಿರಲಿಲ್ಲ. "'ಅವಳಿಗೆ ಹೇಳು, ಟೀಗೆ ಸಕ್ಕರೆ ಜಾಸ್ತಿ' ಅಂತ ಮಗನಿಗೆ ಹೇಳೋರು. ನಾನು ಅಲ್ಲೇ ನಿಂತಿರ್ತಿದ್ದೆ!" ಗಂಜಿಯಕ್ಕ ನಗುತ್ತಾರೆ.

ಮೆತ್ತಗಿನ ಓಟ್ಸ್ ಗಂಜಿ ಕೊಡಿ ಎಂದು ಡಾಕ್ಟರು ಹೇಳಿದ್ದರು. ಒಂದು ಚಮಚ ಬಾಯಿಗಿಟ್ಟ ಅತ್ತೆ ಮಗನತ್ತ ತಿರುಗಿ, "ಗೋಡೆಗೆ ಕಾಗದ ಅಂಟಿಸೋಕೆ ಮಾಡಿದ್ದಾ ಕೇಳು" ಎಂದರಂತೆ. ಸೊಸೆ ಪಟ್ಟು ಬಿಡಲಿಲ್ಲ. ಓಟ್ಸನ್ನು ಮೊದಲು ಹುರಿದರು. ಹಾಲು, ಖರ್ಜೂರ, ಚೂರು ಚಕ್ಕೆ, ಚಿಟಿಕೆ ಉಪ್ಪು ಸೇರಿಸಿದರು. ಒಂದು ಬೆಳಗ್ಗೆ ಬೀಜಗಳನ್ನು ಬಾಣಲೆಗೆ ಹಾಕಿ, ಬೆನ್ನು ತಿರುಗಿಸಿ ಖರ್ಜೂರ ಬಿಡಿಸುತ್ತ ಕೂತರು. ಗಂಡ ಹಾಲು ತರಲು ಹೋಗಿದ್ದರು. ಒಳಗಿನಿಂದ ಕೆಮ್ಮು ಕೇಳಿತು, ಗೋಡೆಗೆ ಕೋಲು ಬಡಿದ ಸದ್ದು ಬಂತು. ಆಮೇಲೆ, ಮದುವೆಯಾದ ಮೇಲೆ ಮೊದಲ ಬಾರಿಗೆ, ನೇರ ಮಾತು:

"ಏಯ್, ಬೀಜ ಸೀದು ಹೋಗ್ತಿದೆ ಕಣೇ! ನಿಂಗೇನು ಮೂಗಿಲ್ವಾ?"

"ಇಲ್ಲ ಅತ್ತೆ."

"ಅವರಿಗೆ ಗೊತ್ತೇ ಇರ್ಲಿಲ್ಲ," ಎಂದು ಗಂಜಿಯಕ್ಕ ನೆನೆಯುತ್ತಾರೆ. "ಕೆಲಸದಿಂದ ತೆಗೆದ್ರು ಅಂತಷ್ಟೇ ಗೊತ್ತಿತ್ತು. ಯಾಕೆ ಅಂತ ಅವರು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಸೀದಿದ್ದನ್ನ ಚೆಲ್ಲಿಸಿದ್ರು. ಆಮೇಲೆ, 'ಇನ್ನೊಂದು ಹಿಡಿ ಹಾಕು, ಯಾವಾಗ ಇಳಿಸ್ಬೇಕು ನಾನು ಹೇಳ್ತೀನಿ' ಅಂದ್ರು."

ಆ ದಿನ ಬಟ್ಟಲು ಖಾಲಿಯಾಯಿತು. ಡಿಪೋದಲ್ಲಿ ಬಸ್ಸು ತೊಳೆಯುವ ಗಂಡ, ಪಾತ್ರೆಯಲ್ಲಿ ಉಳಿದದ್ದನ್ನು ಡಬ್ಬಿಯಲ್ಲಿ ಒಯ್ದರು. ಮರುದಿನ ಜೊತೆಗಾರರು ತಮಗೂ ಬೇಕೆಂದರು. ಈಗ ಬೆಳಗಿನ ಪಾಳಿಗೆ ಅರವತ್ತರಷ್ಟು ಬಟ್ಟಲು ಹೋಗುತ್ತವೆ. ಕಂಬಳಿ ಸುತ್ತಿದ ಪಾತ್ರೆಯನ್ನು ಗಂಡ ಮೆಟ್ಟಿಲಿಳಿಸುತ್ತಾರೆ. ಬೀಜಗಳ ಡಬ್ಬಿ ಹೆಂಡತಿಯ ಕೈಯಲ್ಲಿ. ಮೆತ್ತಗಾಗಬಾರದೆಂದು ಬೀಜ ಉದುರಿಸುವುದು ಬಡಿಸುವಾಗಲೇ.

ಅತ್ತೆಗೆ ನೆಗಡಿಯಾದರೆ ಅಂದು ಗಂಜಿಗೆ ರಜೆ. ಹಾಗಾಗಿ ಚಳಿ ಶುರುವಾಯಿತೆಂದರೆ ಮೊದಲ ಬಸ್ಸಿನ ಚಾಲಕ ವಿಚಾರಿಸುವುದು ಒಂದೇ: "ಅಕ್ಕಾ, ಅಮ್ಮನ ಮೂಗು ಹೇಗಿದೆ?"

ಜಗಳ ನಿಂತಿತೇ? "ಎಲ್ಲಿಂದ! ಈಗ ಮಧ್ಯೆ ಯಾರೂ ಬೇಕಿಲ್ಲ, ನೇರವಾಗೇ ಬೈತಾರೆ." ಪಾತ್ರೆ ಉಜ್ಜುತ್ತಲೇ ಗಂಜಿಯಕ್ಕ ದನಿ ತಗ್ಗಿಸುತ್ತಾರೆ. "ಒಂದಾಸೆ ಇದೆ. ಇಲ್ಲಿ ಲಿಫ್ಟ್ ಇಲ್ಲ, ಅವರು ಕೆಳಗಿಳಿದು ವರ್ಷಗಳಾದ್ವು. ಕುರ್ಚೀಲಿ ಕೂರಿಸಿ ಎತ್ಕೊಂಡಾದ್ರೂ ಒಂದಿನ ಡಿಪೋಗೆ ಕರ್ಕೊಂಡು ಹೋಗ್ಬೇಕು. ತಿನ್ನೋರ ಮುಖ ಅವರು ನೋಡೇ ಇಲ್ಲ."

ಮಂಚದ ಕಡೆಯಿಂದ ದನಿ ಬರುತ್ತದೆ:

"ಯಾವತ್ತು ಅಂತ ಹಿಂದಿನ ದಿನಾನೇ ಹೇಳು. ತಲೆ ಬಾಚ್ಕೋಬೇಕು."