ಕೈ ಭಾರದ ಸಿಸ್ಟರ್

ಕರಜಗಿಯ ಮಲ್ಕಮ್ಮ ನರ್ಸ್ ತರಬೇತಿ ಮುಗಿಸಿ ಅಫಜಲಪುರ ತಾಲೂಕಿನ ಒಂದು ದವಾಖಾನೆಗೆ ಬಂದದ್ದು ಎಪ್ಪತ್ತೆಂಟರಲ್ಲಿ. ಯಾವ ಊರಿನದೆಂದು ಹೇಳಲಾರೆ. ಅಲ್ಲಿ ನನಗೆ ಬೀಗರಿದ್ದಾರೆ. ಕೂಲಿ ಮಾಡುವ ಭಗವಂತ ಎಂಬುವನ ಮಗಳು ಆಕೆ. ಅವರ ಓಣಿಯಿಂದ ಬಿಳಿ ಸೀರೆ ಉಟ್ಟು ನೌಕರಿಗೆ ಹೊರಟ ಮೊದಲ ಹೆಣ್ಣುಮಗಳು. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಊರೆಲ್ಲ ಒಂದೇ ಮಾತು: ಸಣ್ಣ ಸಿಸ್ಟರ್ ಕೈ ಭಾರ. ನಮ್ಮ ಕಡೆ ನರ್ಸಿಗೆ ಇದಕ್ಕಿಂತ ಕೆಟ್ಟ ಹೆಸರಿಲ್ಲ. ನಾನೂ ಒಮ್ಮೆ ಆಕೆಯಿಂದ ಇಂಜೆಕ್ಷನ್ ಹಾಕಿಸಿಕೊಂಡು ಸೊಂಟ ಹಿಡಿದು ಚೀರಿದವನೇ.

ಕೈಯಲ್ಲಿ ದೋಷವಿರಲಿಲ್ಲ. ಒಮ್ಮೆ ಚುಚ್ಚಿ ಸೂಜಿ ಎಸೆಯುವ ಕಾಲ ಅದಲ್ಲ. ಕುದಿಸಿ ಕುದಿಸಿ ಅದನ್ನೇ ಬಳಸಬೇಕು, ತುದಿ ಮೊಂಡಾಗುತ್ತಿತ್ತು. ದೊಡ್ಡ ಸಿಸ್ಟರ್ ಕಸ್ತೂರಿಬಾಯಿ ಹೊಸ ಸೂಜಿಗಳನ್ನೆಲ್ಲ ತನ್ನ ಡಬ್ಬಿಯಲ್ಲಿ ಇಟ್ಟುಕೊಂಡು, ಮೊಂಡು ಬಿದ್ದವನ್ನು ಮಲ್ಕಮ್ಮನ ತಟ್ಟೆಗೆ ಹಾಕುತ್ತಿದ್ದಳು. ಸಾಲದ್ದಕ್ಕೆ ರೋಗಿಗಳ ಎದುರೇ, “ಎಮ್ಮಿಗೆ ಚುಚ್ಚಿದಂಗ ಚುಚ್ಚತೀಯಲ್ಲಬೇ!” ಎಂಬ ಬೈಗುಳ. ಹೊಸ ಸೂಜಿ ಕೇಳಿದರೆ, “ಮೊದಲ ಕೈ ಕಲೀಲಿ,” ಎಂಬ ಉತ್ತರ. ಮಲ್ಕಮ್ಮ ಆ ಮೊಂಡು ಸೂಜಿಯನ್ನೇ ಮತ್ತೆ ಕುದಿಯಲು ಇಡುತ್ತಿದ್ದಳು. ನೌಕರಿ ಖಾಯಂ ಆಗುವುದೂ ಬಿಡುವುದೂ ಕಸ್ತೂರಿಬಾಯಿಯ ಮಾತಿನ ಮೇಲಿತ್ತು.

ಡಾಕ್ಟರ್ ವ್ಯಂಕಟೇಶ ಕೆಟ್ಟವರಲ್ಲ, ಆದರೆ ಅವರಿಗೆ ಕಿವಿ ಇದ್ದಷ್ಟು ಕಣ್ಣಿರಲಿಲ್ಲ. “ಮಂದಿ ನಿಮ್ಮ ಕೈ ಬ್ಯಾಡ ಅನ್ನಾಕತ್ತಾರ. ಹಿಂಗೇ ಆದ್ರ ನಿಮ್ಮನ್ನ ಇಟ್ಕೊಳ್ಳೋದು ಕಷ್ಟ ಅದ,” ಅಂದರು. ಅವತ್ತು ಮಲ್ಕಮ್ಮ ಸೂಜಿ ಕುದಿಸುವ ಸ್ಟೋವಿನ ಮುಂದೆ ನಿಂತು ಅತ್ತಳು.

ಒಂದು ಮುಂಜಾನೆ ಕಸ್ತೂರಿಬಾಯಿ ದವಾಖಾನೆಯ ಗೇಟಿನಲ್ಲೇ ತುಕ್ಕು ಹಿಡಿದ ಮೊಳೆ ತುಳಿದಳು. ಧನುರ್ವಾಯು ಆಗದಂತೆ ಇಂಜೆಕ್ಷನ್ ಹಾಕಲೇಬೇಕು. ಹಾಕಲು ಇದ್ದವಳು ಮಲ್ಕಮ್ಮ. ನಾನೂ ಅವತ್ತು ರೋಗಿಗಳ ಪಾಳಿಯಲ್ಲಿ ನಿಂತಿದ್ದೆ. ನಮ್ಮೆಲ್ಲರ ಎದುರು ಮಲ್ಕಮ್ಮ ತನ್ನ ತಟ್ಟೆಯಿಂದ ಸೂಜಿ ಎತ್ತಿದಳು. ಕಸ್ತೂರಿಬಾಯಿ ತೋಳು ಹಿಂದಕ್ಕೆ ಎಳೆದುಕೊಂಡಳು.

“ಅದು ಬ್ಯಾಡ! ನನ್ನ ಡಬ್ಬಿ ಒಳಗಿಂದು ತಗೋ!”

ಮಲ್ಕಮ್ಮ ಡಬ್ಬಿ ತೆರೆದು, ಒಂದು ಸೂಜಿ ತೆಗೆದು ಕುದಿಯಲು ಇಟ್ಟಳು. ನೀರು ಕುದಿಯುವವರೆಗೆ ಎಲ್ಲರೂ ಕಾಯಲೇಬೇಕಲ್ಲ! ಪಾಳಿಯಲ್ಲಿದ್ದ ಲಾಡ್ಲೆಸಾಬ ತಟ್ಟೆಯನ್ನು ಬಗ್ಗಿ ನೋಡಿದ.

“ಇವಕ್ಕೇನಾಗ್ಯದ್ರಿ ಬಾಯಿ? ನಮಗ ದಿನಾ ಇವೇ ಚುಚ್ಚಸ್ತೀರಲ್ರಿ?”

ಗದ್ದಲ ಕೇಳಿ ಹೊರಗೆ ಬಂದಿದ್ದ ಡಾಕ್ಟರ್ ಒಮ್ಮೆ ಡಬ್ಬಿ ನೋಡಿದರು, ಒಮ್ಮೆ ತಟ್ಟೆ ನೋಡಿದರು.

ಸೂಜಿ ಚುಚ್ಚಿ ತೆಗೆದ ಮೇಲೂ ಕಸ್ತೂರಿಬಾಯಿ ಕಣ್ಣು ಮುಚ್ಚಿಕೊಂಡೇ ಇದ್ದಳು. “ಹಾಕಬೇ ಲಗೂನ!”

“ಹಾಕಿ ಆಯ್ತ್ರಿ ಬಾಯಿ,” ಅಂದಳು ಮಲ್ಕಮ್ಮ. “ಕೈ ಭಾರ ಆಯ್ತೇನ್ರಿ?”

ಪಾಳಿಗೆ ಪಾಳಿಯೇ ನಕ್ಕಿತು. ನನಗಾದ ಖುಷಿ ಅಷ್ಟಿಷ್ಟಲ್ಲ. ಅಂದಿನಿಂದ ಡಬ್ಬಿ ಇಬ್ಬರ ನಡುವಿನ ಮೇಜಿಗೆ ಬಂತು, ಮಲ್ಕಮ್ಮನ ನೌಕರಿಯೂ ಉಳಿಯಿತು. ಕಸ್ತೂರಿಬಾಯಿ ತಪ್ಪಾಯಿತು ಅನ್ನಲಿಲ್ಲ. ಎಷ್ಟೋ ದಿನದ ಮೇಲೆ ಚಹಾ ಕುಡಿಯುತ್ತ ಇಷ್ಟು ಅಂದಳಂತೆ: “ನಾ ಹೊಸದಾಗಿ ಬಂದಾಗ ನಮ್ಮ ದೊಡ್ಡ ಸಿಸ್ಟರ್ ನನಗೂ ಮೊಂಡು ಸೂಜೀನೇ ಕೊಟ್ಟಿದ್ಳು. ಹಂಗೇ ಕಲಿಸ್ಬೇಕು ಅಂದ್ಕೊಂಡಿದ್ದೆ.”

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ತೊಂಬತ್ತರ ಹೊತ್ತಿಗೆ ಅಲ್ಲಿ ಮಲ್ಕಮ್ಮನೇ ದೊಡ್ಡ ಸಿಸ್ಟರ್. ನರೋಣಾದ ಪ್ರಮಿಲಾ ಹೊಸದಾಗಿ ನೌಕರಿಗೆ ಬಂದಿದ್ದಳು. ಸೂಜಿ ಹಿಡಿಯಲು ಇನ್ನೂ ಅಂಜುತ್ತಿದ್ದಳು. ನಿವೃತ್ತಳಾಗಿದ್ದ ಕಸ್ತೂರಿಬಾಯಿ ಒಂದು ದಿನ ಸುಸ್ತಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಲು ಬಂದಳು.

“ಮಲ್ಕಮ್ಮ, ನೀನೇ ಹಾಕವ್ವ. ಹೊಸಬ್ರು ಬ್ಯಾಡ.”

ಮಲ್ಕಮ್ಮ ಡಬ್ಬಿಯಿಂದ ಎಲ್ಲಕ್ಕಿಂತ ಹೊಸ ಸೂಜಿ ಆರಿಸಿ, ಕುದಿಸಿ, ಪ್ರಮಿಲಾಳ ಕೈಗೆ ಕೊಟ್ಟಳು.

“ಇಕೀನೇ ಹಾಕ್ತಾಳ್ರಿ ಬಾಯಿ. ಸೂಜಿ ಚೊಲೋದು ಕೊಟ್ಟೇನಿ.”

ಕಸ್ತೂರಿಬಾಯಿ ಸೂಜಿ ನೋಡಿದಳು, ಹುಡುಗಿಯ ಮುಖ ನೋಡಿದಳು. ಆಮೇಲೆ ಕುಬಸದ ತೋಳು ಮೇಲೇರಿಸಿ, “ಅಂಜಬ್ಯಾಡ ಮಗಳ, ಹಾಕು,” ಅಂದಳು.